ಪಾಂಡಾ ನೋಡೋಕೆ ಹೋದ್ವಿ, ಅಪ್ಪ ನಾಲೆ ನೋಡ್ಕೊಂಡು ಬಂದ್ರು

ಚೀನಾದಿಂದ ಬಂದು ತಿಂಗಳ ಮೇಲಾಯ್ತು. ಫೋಟೋ ಹಾಕಿದಾಗಿಂದ ಎಲ್ಲರೂ ಬರಿ ಬರಿ ಅಂತಾನೇ ಇದ್ರು, ನಂಗೂ ಬರೀಬೇಕು ಅಂತಿತ್ತು, ಆದ್ರೆ ಆಫೀಸು, ಮನೆ, ಮಗನ ಅಡ್ಮಿಶನ್ನು ಅಂತ ಕೂತ್ಕೊಳೋಕೇ ಆಗ್ಲಿಲ್ಲ. ಇವತ್ತು ಭಾನುವಾರ, ಕುವೆಂಪುನಗರದಲ್ಲಿ ಮಧ್ಯಾಹ್ನದಿಂದ ಜೋರು ಮಳೆ, ಕರೆಂಟ್ ಹೋಗಿದೆ, ಮಗ ಮಲಗಿದಾನೆ, ಲ್ಯಾಪ್‌ಟಾಪಲ್ಲಿ ಚಾರ್ಜ್ ಇರೋವರ್ಗೂ ಬರ್ಕೊಂಡ್ ಹೋಗ್ತೀನಿ. ಟೂರ್ ಹೋಗೋರಿಗೆ ಉಪಯೋಗ ಆಗೋ ವಿಷಯಾನೂ ಒಂದಷ್ಟು ಬರುತ್ತೆ, ಆದ್ರೆ ನಾನು ಮುಖ್ಯವಾಗಿ ಬರೀಬೇಕು ಅಂತಿರೋದು ಅಪ್ಪನ ಬಗ್ಗೆ.

ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅಪ್ಪ ನನ್ನ ಮೊದಲನೇ ಸಲ ಮೈಸೂರು ಜೂಗೆ ಕರ್ಕೊಂಡು ಬಂದಿದ್ರು. ನಮ್ಮೂರು ಮಳವಳ್ಳಿ ತಾಲ್ಲೂಕು, ಎರಡು ಬಸ್ ಬದಲಾಯಿಸಿ ಬರ್ಬೇಕು. ಸ್ಕೂಲ್ ಗೋಡೆ ಮೇಲಿನ ಚಾರ್ಟಲ್ಲಿ ಪಾಂಡಾ ಚಿತ್ರ ಇತ್ತು, ಇಷ್ಟು ದೊಡ್ಡ ಜೂ, 1892ರಿಂದ ಇರೋದು, ಇಲ್ಲಿ ಒಂದು ಪಾಂಡಾ ಇರಲೇಬೇಕು ಅಂತ ನಾನು ಹಟ ಹಿಡಿದಿದ್ದೆ. ಆನೆ, ಜಿರಾಫೆ, ಹುಲಿ ಎಲ್ಲ ನೋಡಿದ್ರೂ ಸಮಾಧಾನ ಇಲ್ಲ. ಕೊನೆಗೆ ಅಪ್ಪ ಕರಡಿ ಮನೆ ಹತ್ರ ಖಾಕಿ ಹಾಕಿದ್ದೋರೊಬ್ಬರನ್ನ ಕೇಳಿದ್ರು, ಅವರು ಅದು ಚೀನಾದಲ್ಲಿ ಮಾತ್ರ ಇರೋದು ಅಂದ್ರು. ಅಪ್ಪ ನನ್ನ ಹೆಗಲ ಮೇಲೆ ಕೂರಿಸ್ಕೊಂಡು "ದೊಡ್ಡೋಳಾಗು ಮಗ, ಹೋಗಣಂತೆ" ಅಂದಿದ್ರು. ಅವತ್ತು ಅವರು ಅಳು ನಿಲ್ಲಿಸೋಕೆ ಹೇಳಿದ್ದಿರಬಹುದು, ನಾನು ಮಾತ್ರ ಮರೀಲಿಲ್ಲ.

ಈ ವರ್ಷ ಯುಗಾದಿ ಆದ್ಮೇಲೆ ಹೊರಡೋ ಒಂಬತ್ತು ದಿನದ ಗ್ರೂಪ್ ಟೂರ್ ಇದೆ, ಬೀಜಿಂಗ್, ಷಿಯಾನ್, ಚೆಂಗ್ದು, ಪಾಂಡಾನೂ ಇದೆ ಅಂತ ಗೊತ್ತಾದ ತಕ್ಷಣ ಊರಿಗೆ ಫೋನ್ ಮಾಡ್ದೆ. ಅಪ್ಪ ಒಂದೇ ಮಾತಲ್ಲಿ ಒಲ್ಲೆ ಅಂದ್ರು. "ನಮ್ ಗೂಡಿನ್ ರೇಟ್ ಕೆಡ್ಸುದ್ ದೇಸಕ್ಕೆ ನಾನ್ಯಾಕವ್ವ ದುಡ್ ಕೊಟ್ಟು ಓಗ್ಲಿ?"

ಇದು ನಮ್ಮ ಕಡೆಯೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮನೇಲಿ ಅರ್ಧ ಭತ್ತ, ಅರ್ಧ ಹಿಪ್ಪುನೇರಳೆ. ರೇಷ್ಮೆ ಹುಳ ಪೊರೆ ಬಿಡೋಕೆ ಸೊಪ್ಪು ಬಿಟ್ಟು ಮಲಗೋದನ್ನ ನಾವು ಜ್ವರ ಅಂತೀವಿ, ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಿದ್ದರೆ ರಾತ್ರಿಯೆಲ್ಲ ಹುಳಮನೇಲಿ ಮಳೆ ಹನಿದಂಗೆ ಸದ್ದು, ನಾನು ಓದಿದ್ದೆಲ್ಲ ಆ ಸದ್ದಿನ ಪಕ್ಕದಲ್ಲೇ. ನಮ್ಮ ರೇಷ್ಮೆ ಬೆಳೆಗಾರರ ಬಾಯಲ್ಲಿ ಚೀನಾ ರೇಷ್ಮೆ ಅನ್ನೋದು ಬರ, ಪ್ರವಾಹದ ಥರಾನೇ ಒಂದು ಪದ. 2011ರಲ್ಲಿ ಕಚ್ಚಾ ರೇಷ್ಮೆ ಮೇಲಿನ ಆಮದು ಸುಂಕ ಶೇಕಡಾ 30ರಿಂದ 5ಕ್ಕೆ ಇಳೀತು, ಗೂಡಿನ ರೇಟು ಬಿದ್ದೋಯ್ತು. ಆ ವರ್ಷ ಒಂದಿನ ರಾಮನಗರ ಮಾರ್ಕೆಟ್ಟಿಂದ ಬಂದ ಅಪ್ಪ ಖಾಲಿ ಚೀಲ ಮಡಚಿ ತೊಡೆ ಮೇಲಿಟ್ಕೊಂಡು, ಕಾಲೂ ತೊಳೀದೆ ಜಗಲಿ ಮೇಲೆ ಕತ್ತಲಾಗೋವರ್ಗೂ ಕೂತಿದ್ರು, ಅವ್ವ ಲೈಟ್ ಹಾಕೋಕೂ ಹೋಗ್ಲಿಲ್ಲ. ಅದನ್ನ ನೋಡಿದ ನಾನು ಅಪ್ಪನ ಮಾತಿಗೆ ಏನಂತ ಎದುರಾಡ್ಲಿ. ಕೊನೆಗೆ ಒಪ್ಪಿಸಿದ್ದು ಅವ್ವ. ಅವಳಿಗೆ ಮಂಡಿ ನೋವು, ಬರಲ್ಲ ಅಂದ್ಬಿಟ್ಟಿದ್ಲು, ಆದ್ರೆ ಅಪ್ಪಂಗೆ "ಓಗ್ ಬಾ, ಅವ್ರು ಎಂಗ್ ಬೆಳೀತಾರೆ ಅಂತಾರ ನೋಡ್ಕಬಾ" ಅಂದ್ಲು. ಆ ಮಾತು ನಾಟ್ತು. ಎಪ್ಪತ್ತೊಂದನೇ ವಯಸ್ಸಿಗೆ ಅಪ್ಪನ ಮೊದಲ ಪಾಸ್‌ಪೋರ್ಟ್ ಬಂತು.

ಗ್ರೂಪಲ್ಲಿ ಇಪ್ಪತ್ತಾರು ಜನ, ಜಾಸ್ತಿ ಮೈಸೂರಿನೋರೇ, ರಿಟೈರ್ ಆದೋರು, ಒಬ್ರು ಹೈಸ್ಕೂಲ್ ಸಮಾಜ ಮೇಷ್ಟ್ರು, ಮಂಡ್ಯದಿಂದ ಎರಡು ಫ್ಯಾಮಿಲಿ, ಸರಸ್ವತಿಪುರಂನಿಂದ ಒಬ್ರು ಆಂಟಿ, ಅವರ ಬ್ಯಾಗಲ್ಲಿ ಅರ್ಧ ಬರೀ ಚಟ್ನಿಪುಡಿ ಕೋಡುಬಳೆ. ಬೆಂಗಳೂರಿಂದ ಕೌಲಾಲಂಪುರ, ಅಲ್ಲಿಂದ ಬೀಜಿಂಗ್. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಹೋಗೋರು ಒಂದೆರಡು ವಿಷಯ ನೆನಪಿಟ್ಕೊಳಿ. ಅಲ್ಲಿನ ವೈಫೈನಲ್ಲಿ ವಾಟ್ಸಾಪು ಗೂಗಲ್ಲು ಬರಲ್ಲ, ನಮ್ಮ ಸಿಮ್ಮಿಗೇ ರೋಮಿಂಗ್ ಹಾಕಿಸ್ಕೊಂಡ್ರೆ ಬರುತ್ತೆ. ಎಲ್ಲ ಕಡೆ ಕ್ಯೂಆರ್ ಸ್ಕ್ಯಾನೇ, ಹೊರಡೋಕೆ ಮುಂಚೆ ಅಲಿಪೇ ಹಾಕ್ಕೊಂಡು ಕಾರ್ಡ್ ಜೋಡಿಸ್ಕೊಂಡಿರಿ. ಕುಡಿಯೋ ಬಿಸಿನೀರು ಮಾತ್ರ ರೈಲಲ್ಲಿ, ಸ್ಟೇಷನಲ್ಲಿ, ಹೋಟೆಲಲ್ಲಿ ಎಲ್ಲಿ ಹೋದ್ರೂ ಸಿಗುತ್ತೆ. ಅಪ್ಪ ಮನೆಯಿಂದ ರಾಗಿ ಹುರಿಹಿಟ್ಟು ತಂದಿದ್ರು, ದಿನಾ ಬೆಳಗ್ಗೆ ಆ ಬಿಸಿನೀರಿಗೆ ಹುರಿಹಿಟ್ಟು, ಬೆಲ್ಲ ಕಲಸ್ಕೊಂಡು ಕುಡಿದು, ಆಮೇಲೆ ಫೋನಲ್ಲಿ ಕೆ.ಆರ್.ಎಸ್. ಮಟ್ಟ ಎಷ್ಟಿದೆ ನೋಡಿ, ಆಮೇಲೆ ಬಸ್ ಹತ್ತೋದು. ಊರಲ್ಲಿದ್ರೂ ಹಾಗೇ, ಚೀನಾದಲ್ಲಿದ್ರೂ ಹಾಗೇ.

ಬೀಜಿಂಗ್ ಬಗ್ಗೆ ಜಾಸ್ತಿ ಬರಿಯಲ್ಲ, ಅರಮನೆ, ಗೋಡೆ ಎಲ್ಲ ನೀವು ವಿಡಿಯೋದಲ್ಲಿ ನೋಡೇ ಇರ್ತೀರ. ಆದ್ರೆ ಮಹಾಗೋಡೆ ಮೇಲೆ ಗೈಡ್ ಹುಡುಗಿ ಒಂದು ಮಾತು ಹೇಳಿದ್ಲು, ಮಿಂಗ್ ಕಾಲದಲ್ಲಿ ಕಟ್ಟೋವಾಗ ಸುಣ್ಣದ ಗಾರೆಗೆ ಅಂಟಕ್ಕಿ ಗಂಜಿ ಸೇರಿಸ್ತಿದ್ರು, ಅದಕ್ಕೇ ಇಷ್ಟು ಗಟ್ಟಿ ಅಂತ. ಸುಸ್ತಾಗಿ ಕೂತಿದ್ದ ಅಪ್ಪ ಎದ್ದು ಹೋಗಿ ಇಟ್ಟಿಗೆ ಸಂದಿಗೆ ಉಗುರು ಹಾಕಿ ನೋಡಿದ್ರು. ಕನ್ನಂಬಾಡಿ ಕಟ್ಟೆನೂ ಸಿಮೆಂಟಲ್ಲಿ ಕಟ್ಟಿದ್ದಲ್ಲ, ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಅಂತ ಮಂಡ್ಯದೋರಿಗೆ ಯಾರೂ ಹೇಳ್ಕೊಡಬೇಕಿಲ್ಲ. "ಅನ್ನ ಆಕಿ ಕಟ್ಟವ್ರೆ, ಅದ್ಕೇ ನಿಂತದೆ" ಅಂದ್ರು.

ಷಿಯಾನಲ್ಲಿ ಮಣ್ಣಿನ ಸೈನಿಕರು. 1974ರಲ್ಲಿ ರೈತರು ಬಾವಿ ತೋಡ್ತಿದ್ದಾಗ ಸಿಕ್ಕಿದ್ದು, ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಚಕ್ರವರ್ತಿ ಚಿನ್ ಷಿ ಹುವಾಂಗ್ ಸಮಾಧಿ ಕಾಯೋಕೆ ಮಾಡಿಟ್ಟಿದ್ದ ಸೈನ್ಯ, ಸುಮಾರು ಎಂಟು ಸಾವಿರ ಅಂತ ಅಂದಾಜು, ಒಬ್ಬರ ಮುಖ ಇದ್ದಂಗೆ ಇನ್ನೊಬ್ಬರದಿಲ್ಲ. ಅಪ್ಪ ಕೇಳಿದ್ದು, ಆ ರೈತರಿಗೆ ಕೊನೆಗೆ ನೀರು ಸಿಕ್ತಾ ಅಂತ. ಗೈಡ್ ಹತ್ರ ಉತ್ತರ ಇರ್ಲಿಲ್ಲ.

ನಂಗೆ ಷಿಯಾನಲ್ಲಿ ಮೈ ಜುಂ ಅಂದಿದ್ದು ಬೇರೆ ಕಡೆ. ಹ್ಯೂಯೆನ್ ತ್ಸಾಂಗ್ ಅಂತ ಹೈಸ್ಕೂಲಲ್ಲಿ ಓದಿದ್ವಲ್ಲ, ಏಳನೇ ಶತಮಾನದಲ್ಲಿ ನಡ್ಕೊಂಡು ಭಾರತಕ್ಕೆ ಬಂದು ನಮ್ಮ ಇಮ್ಮಡಿ ಪುಲಿಕೇಶಿ ಬಗ್ಗೆ ಬರೆದಿಟ್ಟೋರು, ಅವರು ಇಲ್ಲಿಂದ ಹೊತ್ಕೊಂಡು ಹೋದ ಗ್ರಂಥಗಳನ್ನ ಇಡೋಕೆ ಅಂತಾನೇ 652ರಲ್ಲಿ ಕಟ್ಟಿದ ಪಗೋಡ ಇನ್ನೂ ನಿಂತಿದೆ. ಮುಂದೆ ಅವರದೊಂದು ದೊಡ್ಡ ಪ್ರತಿಮೆ. ಮೂವತ್ತೈದು ವರ್ಷ ಆ ಪಾಠ ಮಾಡಿದ್ದ ನಮ್ಮ ಮೇಷ್ಟ್ರು ಅದರ ಮುಂದೆ ಚಪ್ಪಲಿ ಬಿಟ್ಟು ನಿಂತ್ಕೊಂಡ್ಬಿಟ್ರು. ಕಣ್ಣಲ್ಲಿ ನೀರು. "ನಮ್ಮ ಊರುಗಳನ್ನ ನೋಡಿದ್ದ ಮನುಷ್ಯ ಕಣಮ್ಮ" ಅಂದ್ರು. ನಾವೆಲ್ಲ ಸುಮ್ನೆ ಪಕ್ಕದಲ್ಲಿ ನಿಂತ್ವಿ.

ಷಿಯಾನಿಂದ ಚೆಂಗ್ದುಗೆ ಸ್ಪೀಡ್ ಟ್ರೇನು, 2017ರಲ್ಲಿ ಶುರುವಾದ ಲೈನು, ನಾಲ್ಕು ಗಂಟೆ ಹತ್ರ. ದಾರಿಯಲ್ಲಿ ಚಿನ್‌ಲಿಂಗ್ ಬೆಟ್ಟಸಾಲು, ಸುರಂಗದ ಮೇಲೆ ಸುರಂಗ, ಎರಡು ಸುರಂಗದ ಮಧ್ಯೆ ಒಂದು ಕ್ಷಣ ಹಸಿರು ಕಣಿವೆ ಕಂಡು ಮಾಯ ಆಗೋದು. ಆ ಬೆಟ್ಟಗಳಲ್ಲೂ ಕಾಡು ಪಾಂಡಾ ಇವೆ ಅಂತ ಗೊತ್ತಿದ್ರಿಂದ ನಾನು ಪ್ರತಿ ಸಲ ಬೆಳಕು ಬಂದಾಗ್ಲೂ ಕಿಟಕಿಗೆ ಮುಖ ಅಂಟಿಸ್ತಿದ್ದೆ.

ಈಗ ಪಾಂಡಾ.

ಚೆಂಗ್ದು ಪಾಂಡಾ ಸಂಶೋಧನಾ ಕೇಂದ್ರ ಊರಿಂದ ಹತ್ತು ಕಿಲೋಮೀಟರು. ಬೆಳಗ್ಗೆ ಏಳೂವರೆಗೆ ಗೇಟ್ ತೆಗೆಯೋದು, ಏಳಕ್ಕೇ ಹೋಗಿ ನಿಂತಿದ್ವಿ, ನೀವೂ ಹಾಗೇ ಮಾಡಿ, ಪಾಂಡಾ ಚುರುಕಾಗಿರೋದು ಬೆಳಗ್ಗೆ ತಿನ್ನೋ ಹೊತ್ತಲ್ಲಿ ಮಾತ್ರ, ಬಿಸಿಲೇರಿದ್ರೆ ಒಳಗೆ ಎ.ಸಿ. ರೂಮಿಗೆ ಹೋಗಿ ಮಲಗ್ಬಿಡ್ತವೆ. ಹುವಾ ಹುವಾ ಅಂತ 2020ರಲ್ಲಿ ಹುಟ್ಟಿದ ಒಂದು ಹೆಣ್ಣು ಪಾಂಡಾ ಇದೆ, ಅದು ಅಲ್ಲಿ ಸ್ಟಾರು, ಅದನ್ನ ಕೆಲವೇ ನಿಮಿಷ ನೋಡೋಕೆ ಗಂಟೆಗಟ್ಟಲೆ ಕ್ಯೂ. ನಾವು ಆ ಕ್ಯೂ ಬಿಟ್ಟು ಬೇರೆ ಕಡೆ ಹೋದ್ವಿ, ಅದೇ ಒಳ್ಳೇದಾಯ್ತು.

ದಾರಿ ಎರಡೂ ಕಡೆ ಬಿದಿರು ಬಾಗಿ ಕಮಾನಿನಂಗೆ ಆಗಿದೆ. ತಿರುವಲ್ಲಿ ನಂಗೆ ಮೊದಲು ಕೇಳಿದ್ದು ಸದ್ದು. ಕಟಂ, ಕಟಂ, ಆಮೇಲೆ ಜಗಿಯೋ ಸದ್ದು. ನಂಗೆ ಏನಂತ ಹೊಳೆಯೋಕೆ ಮುಂಚೆ ಅಪ್ಪ "ಯಾರೋ ಕಬ್ಬು ತಿಂತಾವ್ರೆ" ಅಂದ್ರು. ಮುಂದೆ ಹೋದ್ರೆ ಕಟ್ಟೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಹೊಟ್ಟೆ ಮೇಲೆ ಬಿದಿರು ಸಿಪ್ಪೆ ರಾಶಿ ಹಾಕ್ಕೊಂಡು ಕೂತಿತ್ತು ನನ್ನ ಪಾಂಡಾ. ಹತ್ತಡಿ ದೂರ ಇರಬಹುದು ಅಷ್ಟೇ.

ನಾನು ಅತ್ತೆ. ಮೂವತ್ತು ವರ್ಷ ಕಾದಿದ್ದು, ಅಳದೆ ಇನ್ನೇನು ಮಾಡ್ಲಿ. ಅಪ್ಪ ನನ್ನ ತಲೆ ಮೇಲೆ ಕೈ ಇಟ್ರು, ಆದ್ರೆ ಅವರ ಕಣ್ಣು ಅದರ ಕೈ ಮೇಲೇ ಇತ್ತು. "ನೋಡವ್ವ, ನಮ್ಮೂರ್ ಐಕ್ಳು ಕಬ್ಬು ಸುಲ್ದಂಗೆ ಸುಲೀತದೆ."

ನಿಜ. ಏಪ್ರಿಲ್ ಅಲ್ವಾ, ಎಳೆ ಬಿದಿರಿನ ಮೊಳಕೆ ಕಾಲ, ನಮ್ಮ ಕಳಲೆ ಅಂತಾರಲ್ಲ ಅದೇ. ಒಂದನ್ನ ಎತ್ಕೊಳುತ್ತೆ, ಬಾಯಿ ಪಕ್ಕಕ್ಕೆ ಇಟ್ಟು ಹಲ್ಲಲ್ಲಿ ಸಿಪ್ಪೆ ಕಚ್ಚಿ ಕೈಯನ್ನ ಒಂದು ತಿರುವು ತಿರುಗಿಸುತ್ತೆ, ಸಿಪ್ಪೆ ಉದ್ದಕ್ಕೆ ಬಂದ್ಬಿಡುತ್ತೆ, ಎರಡು ಮೂರು ಸಲ, ಒಳಗಿನ ಬೆಳ್ಳಗಿನ ತಿರುಳು ಆಚೆ ಬರುತ್ತೆ, ಮುರಿದು ಜಗಿಯುತ್ತೆ, ಅದು ಮುಗಿಯೋಕೆ ಮುಂಚೆ ಇನ್ನೊಂದು ಕೈ ಮುಂದಿನದನ್ನ ಹುಡುಕ್ತಿರುತ್ತೆ. ಎಲೆ ತಿನ್ನೋದಾದ್ರೆ ಒಂದೊಂದಾಗಿ ಕಚ್ಚಿ ಕಚ್ಚಿ ಬಾಯಿ ಮೂಲೇಲಿ ಕಂತೆ ಮಾಡ್ಕೊಂಡು, ಆಮೇಲೆ ಕಂತೇನ ಕೈಯಲ್ಲಿ ಹಿಡಿದು ವೀಳ್ಯದೆಲೆ ಥರ ತಿನ್ನೋದು. ಹಿಡಿಯೋಕೆ ಅದಕ್ಕೊಂದು ಆರನೇ ಬೆರಳಿನಂಥದ್ದು ಇದೆ, ಬೆರಳಲ್ಲ ಅದು, ಮಣಿಕಟ್ಟಿನ ಮೂಳೆನೇ ಬೆಳೆದು ಹೆಬ್ಬೆರಳಿನ ಕೆಲಸ ಮಾಡ್ತಿದೆ.

ಕರಡಿ ಜಾತಿ, ಕರುಳು ಮಾಂಸ ತಿನ್ನೋ ಪ್ರಾಣೀದೇ, ತಿನ್ನೋದು ಮಾತ್ರ ಬಿದಿರು. ತಿಂದಿದ್ರಲ್ಲಿ ಮೈಗೆ ಹತ್ತೋದು ಆರನೇ ಒಂದು ಭಾಗ ಅಷ್ಟೇ, ಅದಕ್ಕೇ ದಿನಕ್ಕೆ ಹನ್ನೆರಡು ಕೆ.ಜಿ.ಯಿಂದ ಮೂವತ್ತೆಂಟು ಕೆ.ಜಿ.ವರೆಗೂ ತಿನ್ನಬೇಕು, ಹತ್ತು ಹದಿನಾಲ್ಕು ಗಂಟೆ ತಿನ್ನೋದೇ ಕೆಲಸ. ಇದನ್ನ ಕೇಳಿ ಅಪ್ಪ "ಐದ್ನೇ ಜ್ವರದ್ ಉಳ ಇದ್ದಂಗೆ" ಅಂತ ಶುರು ಮಾಡಿ, ತಾವೇ ತಿದ್ಕೊಂಡು, "ಅಲ್ಲ, ಉಳಕ್ಕೆ ಜ್ವರ ನಾಕೇ, ಆಮ್ಯಾಕಿನ್ ಅಸಿವು ಇದು" ಅಂದ್ರು. ತಮಾಷೆಗೆ ಹೇಳಿದ್ದಲ್ಲ. ಒಂದೇ ಸೊಪ್ಪು ನಂಬ್ಕೊಂಡಿರೋ ಜೀವ ಅಂದ್ರೆ ಏನು ಅಂತ ಹಿಪ್ಪುನೇರಳೆ ಬೆಳೆಯೋರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಗೈಡ್ ಈ ಕೇಂದ್ರ ಯಾಕೆ ಶುರುವಾಯ್ತು ಅಂತ ಹೇಳ್ದಾಗ ಅಪ್ಪ ಇನ್ನೂ ಹತ್ರ ಬಂದು ನಿಂತ್ರು, ನಾನು ಒಂದೊಂದೇ ವಾಕ್ಯ ಕನ್ನಡ ಮಾಡಿ ಹೇಳ್ತಿದ್ದೆ. 1970ರ ದಶಕದಲ್ಲಿ ಮಿನ್‌ಷಾನ್ ಬೆಟ್ಟಗಳಲ್ಲಿ ಬಿದಿರು ಹೂ ಬಿಡ್ತು, ಬಿದಿರು ಹೂ ಬಿಟ್ಟ ಮೇಲೆ ಇಡೀ ಮೆಳೆ ಒಟ್ಟಿಗೇ ಒಣಗೋದಲ್ವಾ, ನೂರಕ್ಕೂ ಜಾಸ್ತಿ ಪಾಂಡಾ ಹಸಿವಿಂದ ಸತ್ವು. 1983ರಲ್ಲಿ ಮತ್ತೆ ಬೇರೆ ಬೆಟ್ಟಗಳಲ್ಲಿ ಹೂ. 1987ರಲ್ಲಿ ಈ ಕೇಂದ್ರ ಶುರುವಾಗಿದ್ದು ಕಾಡಿಂದ ರಕ್ಷಿಸಿ ತಂದಿದ್ದ ಆರೇ ಆರು ಪಾಂಡಾ ಇಟ್ಕೊಂಡು. ಅಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ನಮ್ಮ ತಾತನೂ ಹೇಳೋರು, ಬಿದಿರು ಹೂ ಬಿಟ್ರೆ ಬರ ಬತ್ತದೆ ಅಂತ, ಕಾಡಿಗೆ ಹೋಗಿ ಬಿದಿರಕ್ಕಿ ಬಳ್ಕೊಂಡು ಬಂದು ಗಂಜಿ ಕಾಸಿ ಕುಡಿದಿದ್ರಂತೆ. ನಮಗೆ ಕೊನೆಗೆ ಆ ಅಕ್ಕಿ ಆದ್ರೂ ಇತ್ತು, ಇವಕ್ಕೆ ಅದೂ ಆಗ್ಲಿಲ್ಲ. ಮೊದಲು ಒಂದು ಬೆಟ್ಟದ ಬಿದಿರು ಸತ್ರೆ ಇನ್ನೊಂದು ಬೆಟ್ಟಕ್ಕೆ ಹೋಗ್ತಿದ್ವು, ಮಧ್ಯೆ ರಸ್ತೆ, ಹೊಲ, ಊರು ಬಂದ್ಮೇಲೆ ಹೋಗೋಕೆ ದಾರಿ ಇಲ್ಲ.

ಮರಿಗಳನ್ನೂ ನೋಡಿದ್ವಿ, ಹೋದ ಮಳೆಗಾಲದಲ್ಲಿ ಹುಟ್ಟಿದವು, ಮರ ಹತ್ತೋದು ಬೀಳೋದು ಮತ್ತೆ ಹತ್ತೋದು. ಹುಟ್ಟಿದಾಗ ನೂರು ಗ್ರಾಂ ಅಂತೆ, ಒಂದು ಕಡ್ಲೆಹಿಟ್ಟಿನ ಸಣ್ಣ ಪ್ಯಾಕೆಟ್ ತೂಕ, ರೋಮ ಇಲ್ಲ, ಕಣ್ಣು ಬಿಟ್ಟಿರಲ್ಲ, ತಾಯಿ ಅದರ ಒಂಬೈನೂರು ಪಟ್ಟು. ತಾಯಿ ಬೆದೆಗೆ ಬರೋದು ವರ್ಷಕ್ಕೆ ಒಂದೇ ಸಲ, ಎರಡು ಮೂರು ದಿನ. ಅವಳಿ ಹುಟ್ಟಿದ್ರೆ ಕಾಡಲ್ಲಿ ತಾಯಿ ಒಂದನ್ನ ಮಾತ್ರ ಸಾಕುತ್ತೆ. ಇಲ್ಲಿ ಸಾಕೋರು ಒಂದು ಮರಿ ತಾಯಿ ಹತ್ರ, ಇನ್ನೊಂದು ಇನ್ಕ್ಯುಬೇಟರಲ್ಲಿ ಇಟ್ಟು, ಮತ್ತೆ ಮತ್ತೆ ಅದಲುಬದಲು ಮಾಡಿ ಎರಡಕ್ಕೂ ತಾಯಿ ಹಾಲು ಕುಡಿಸ್ತಾರೆ. ಎಂಥಾ ತಾಳ್ಮೆ! ಕಾಡಲ್ಲಿ ಕೊನೇ ಸಲ ಪೂರ್ತಿ ಲೆಕ್ಕ ಹಾಕಿದಾಗ ಸಿಕ್ಕಿದ್ದು 1,864, ಮೊದಲಿಗಿಂತ ಜಾಸ್ತಿ, 2016ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಒಂದು ಮೆಟ್ಟಿಲು ಮೇಲೆ ಬಂದಿವೆ. 2021ರಲ್ಲಿ ಸಿಚುವಾನ್, ಷಾಂಕ್ಸಿ, ಗಾನ್ಸು ಮೂರೂ ಪ್ರಾಂತ್ಯದ ಕಾಡು ಸೇರಿಸಿ ಪಾಂಡಾ ರಾಷ್ಟ್ರೀಯ ಉದ್ಯಾನ ಮಾಡಿದಾರೆ, ಆ ಬೆಟ್ಟಗಳ ಮಧ್ಯೆ ಮತ್ತೆ ದಾರಿ ಮಾಡ್ಕೊಡೋಕೆ.

ಮಾರನೇ ದಿನ ಚೆಂಗ್ದು ಹತ್ರ ಇರೋ ಹಳೇ ಕಾಲದ ನೀರಾವರಿ ಜಾಗ ದುಜಿಯಾಂಗ್‌ಯಾನ್. ಅದಕ್ಕೆ ಮುಂಚೆ ಒಂದು ಬೇಜಾರಿನ ವಿಷಯ ಹೇಳ್ಬೇಕು. ಟೂರಿನೋರು ಪ್ಲಾನಲ್ಲಿ ಇಲ್ಲದಿದ್ದ ರೇಷ್ಮೆ ಅಂಗಡಿಗೆ ಕರ್ಕೊಂಡು ಹೋಗಿ ಎರಡು ಗಂಟೆ ಕೂಡಿ ಹಾಕಿದ್ರು, ಕೇಳಿದ್ರೆ ಇದು ಸಂಸ್ಕೃತಿ ಕಾರ್ಯಕ್ರಮ ಅಂತಾರೆ. ದುಡ್ಡು ಕೊಟ್ಟು ಬಂದಿರೋ ವಯಸ್ಸಾದವರ ಟೈಮನ್ನ ಹೀಗೆ ಕಮಿಷನ್ನಿಗೆ ಮಾರ್ಕೊಳೋದು ತಪ್ಪು, ಅಲ್ಲೇ ನಾನು ಹೇಳ್ದೆ, ಇಲ್ಲೂ ಹೇಳ್ತಿದೀನಿ. ಬುಕ್ ಮಾಡೋಕೆ ಮುಂಚೆ ಅಂಗಡಿಗಳಿಗೆ ಕರ್ಕೊಂಡು ಹೋಗ್ತೀರಾ ಅಂತ ಕೇಳಿ ಬರವಣಿಗೇಲಿ ತಗೊಳಿ.

ಆದ್ರೆ ಅಪ್ಪ ಅವ್ವನ ಮಾತು ಮರ್ತಿರ್ಲಿಲ್ಲ. ಒಳಗೆ ಹುಡುಗಿಯೊಬ್ಬಳು ನೆನೆಸಿದ ಗೂಡು ಬಿಡಿಸಿ ಬಿದಿರ ಕಮಾನಿನ ಮೇಲೆ ಎಳೆದು ಹಾಸ್ತಿದ್ಲು, ರಜಾಯಿ ಮಾಡೋಕೆ. ಅಪ್ಪ ಒಂದು ಗೂಡು ಎತ್ಕೊಂಡು ಕಿವಿ ಹತ್ರ ಅಲ್ಲಾಡಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡಿ "ಜೋಡಿ ಗೂಡು" ಅಂದ್ರು. ಎರಡು ಹುಳ ಸೇರಿ ಕಟ್ಟಿದ ಗೂಡು, ನೂಲು ಸಿಕ್ಕಾಗಿರುತ್ತೆ, ಬಿಚ್ಚೋಕಾಗಲ್ಲ, ನಮ್ಮ ಮಾರ್ಕೆಟ್ಟಲ್ಲಿ ಅದನ್ನ ಆರಿಸಿ ಪಕ್ಕಕ್ಕೆ ಹಾಕ್ತಾರೆ. ಇವರು ಅದನ್ನೇ ರಜಾಯಿ ಮಾಡಿ ಚಿನ್ನದ ರೇಟಿಗೆ ಮಾರ್ತಿದಾರೆ. ಆ ಹುಡುಗಿ ಕೈ ಅಪ್ಪ ನೋಡಿದ್ರು, ಬಿಸಿನೀರಲ್ಲಿ ನೆಂದು ಬೆರಳ ತುದಿಯೆಲ್ಲ ಬಿಳಿಚಿಕೊಂಡಿತ್ತು, ನಮ್ಮ ಕಡೆ ನೂಲು ಬಿಚ್ಚಣಿಕೆ ಮಾಡೋ ಹೆಣ್ಮಕ್ಕಳ ಕೈ ಥರಾನೇ. ಆಚೆ ಬಂದ್ಮೇಲೆ "ಪಾಪ, ಅವ್ಳ್ ಕೈಗೂ ಎಷ್ಟ್ ಬತ್ತದೋ" ಅಂದ್ರು. ಅಷ್ಟು ವರ್ಷ ಚೀನಾ ರೇಷ್ಮೆ ಅಂದ್ರೆ ಅಪ್ಪನ ಮುಖ ಬಿಗಿಯೋದು ನೋಡಿದೀನಿ, ಅವತ್ತು ಹಾಗಾಗ್ಲಿಲ್ಲ.

ಇದರಿಂದ ದುಜಿಯಾಂಗ್‌ಯಾನಲ್ಲಿ ಸಿಕ್ಕಿದ್ದು ಎರಡೇ ಗಂಟೆ. ನಮ್ಮ ಗ್ರೂಪಲ್ಲಿ ಹೆಚ್ಚಿನವರಿಗೆ ಅದು ಒಂದು ನದಿ, ಒಂದು ತೂಗುಸೇತುವೆ, ಫೋಟೋ, ಮುಗೀತು. ಅಪ್ಪಂಗೆ ಹಾಗಲ್ಲ. ನಮ್ಮ ಜಮೀನು ಕೆ.ಆರ್.ಎಸ್.ನಿಂದ ಬರೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗದಲ್ಲಿದೆ, ಕಟ್ಟು ನೀರು, ಅಂದ್ರೆ ಸರದಿ ಮೇಲೆ ಬಿಟ್ಟು ನಿಲ್ಲಿಸೋ ನೀರು, ಬಿಟ್ರೆ ಮೇಲಿನೋರಿಗೆಲ್ಲ ಆಗಿ ನಮಗೆ ಬರೋಷ್ಟರಲ್ಲಿ ನಿಲ್ಲಿಸೋ ದಿನ ಬಂದಿರುತ್ತೆ, ಹೂಳು ತುಂಬಿ ತೂಬಿನ ಕೆಳಗೆ ನೀರೇ ಹತ್ತಲ್ಲ. ನೀರು ಹಂಚೋದು ಅಂದ್ರೆ ಅವರ ಇಡೀ ಜೀವಮಾನದ ವಿಷಯ.

ಕ್ರಿಸ್ತಪೂರ್ವ 256ರ ಸುಮಾರಿಗೆ ಲಿ ಬಿಂಗ್ ಅಂತ ಒಬ್ಬ ಅಧಿಕಾರಿ ಮಿನ್ ನದಿಗೆ ಅಣೆಕಟ್ಟೇ ಹಾಕದೆ ಈ ವ್ಯವಸ್ಥೆ ಮಾಡಿದ್ದು. ನದಿ ಮಧ್ಯೆ ಮೀನಿನ ಬಾಯಿ ಆಕಾರದ ಒಂದು ದಿಬ್ಬ, ಅದು ನೀರನ್ನ ಎರಡಾಗಿ ಸೀಳುತ್ತೆ. ಒಳಗಡೆದು ಕಿರಿದು, ಆಳ, ಅದು ಹೊಲಕ್ಕೆ. ಹೊರಗಡೆದು ಅಗಲ, ಆಳ ಕಮ್ಮಿ, ಅದು ನದಿ ಪಾಡಿಗೆ. ನೀರು ಕಮ್ಮಿ ಇದ್ದಾಗ ಆರು ಪಾಲು ತಾನಾಗೇ ಒಳಗೆ, ನಾಲ್ಕು ಪಾಲು ಹೊರಗೆ, ಪ್ರವಾಹ ಬಂದ್ರೆ ಉಲ್ಟಾ. ಮುಂದೆ ಒಂದು ತಗ್ಗು ಕೋಡಿ, ಜಾಸ್ತಿಯಾದ ನೀರು ಮರಳಿನ ಸಮೇತ ಅದರ ಮೇಲೆ ಹಾರಿ ಹೊರಗೆ ಹೋಗುತ್ತೆ. ಕೊನೇಗೆ ಬೆಟ್ಟ ಸೀಳಿದ ಇಪ್ಪತ್ತು ಮೀಟರಿನ ಸಂದಿ, ಅದರಿಂದಾಚೆ ಇಡೀ ಚೆಂಗ್ದು ಬಯಲು. ಸಿಡಿಮದ್ದಿಲ್ಲದ ಕಾಲ, ಬಂಡೆ ಮೇಲೆ ಬೆಂಕಿ ಹಾಕಿ ಕಾಸಿ, ತಣ್ಣೀರು ಹುಯ್ದು ಸೀಳಿಸಿ ಸೀಳಿಸಿ ಕಡೆದಿದ್ದು. ನಮ್ಮ ನಾಲೆಗೆ ಹುಲಿಕೆರೆ ಸುರಂಗ ಹೇಗೋ ಹಾಗೆ ಅವರಿಗೆ ಈ ಸಂದಿ. ಎರಡು ಸಾವಿರದ ಇನ್ನೂರು ವರ್ಷ ಆಯ್ತು, ಇನ್ನೂ ನೀರು ಹರೀತಿದೆ.

ಆ ದಿಬ್ಬ ನಿಲ್ಲಿಸಿದ್ದು ಹೇಗೆ ಗೊತ್ತಾ? ಬಿದಿರಲ್ಲಿ. ಉದ್ದುದ್ದ ಬಿದಿರ ಬುಟ್ಟಿ ಹೆಣೆದು, ಒಳಗೆ ಗುಂಡುಕಲ್ಲು ತುಂಬಿ, ಸಾಲಾಗಿ ನದಿಗೆ ಇಳಿಸಿದ್ದು. ಮಾದರಿಗೆ ಒಂದು ಬುಟ್ಟಿ ಇಟ್ಟಿದ್ರು. ಅಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಣಿಗೆ ಮೇಲೆ ಬೆರಳಾಡಿಸಿದ್ರು. "ಗ್ವಾಡೆ ಆದ್ರೆ ನೀರು ತಳ್ತದೆ, ಒಂದಿನ ಬೀಳ್ತದೆ. ಇದ್ರೊಳಗೆ ನೀರು ನುಗ್ಗಿ ಓಯ್ತದೆ ಕಣವ್ವ, ಜಗಳ ಇಲ್ಲ" ಅಂದ್ರು. ಪಕ್ಕದ ತೂಗುಸೇತುವೆಗೂ ಹಿಂದೆ ಬಿದಿರಿನ ಹಗ್ಗವೇ ಇತ್ತಂತೆ, ಈಗ ಉಕ್ಕಿನದು.

ಅಪ್ಪನ ಮನಸ್ಸಿಗೆ ಹಿಡಿದಿದ್ದು ಇನ್ನೆರಡು. ಆ ಕಾಲದಲ್ಲಿ ನೀರಿನ ಮಟ್ಟ ನೋಡೋಕೆ ನದೀಲಿ ಮೂರು ಕಲ್ಲಿನ ಮ‌ನುಷ್ಯರನ್ನ ನಿಲ್ಲಿಸಿದ್ರಂತೆ. ಬೇಸಿಗೇಲಿ ನೀರು ಪಾದಕ್ಕಿಂತ ಕೆಳಗೆ ಹೋಗ್ಬಾರ್ದು, ಮಳೇಲಿ ಭುಜ ಮುಳುಗ್ಬಾರ್ದು. ಕೆ.ಆರ್.ಎಸ್. ತುಂಬೋ ನೂರಿಪ್ಪತ್ನಾಲ್ಕು ಪಾಯಿಂಟ್ ಎಂಭತ್ತು ಅಡಿಗೆ ಎಷ್ಟು ಬಾಕಿ ಅಂತ ದಿನಾ ಬೆಳಗ್ಗೆ ನೋಡೋ ಮನುಷ್ಯನಿಗೆ ಇದಕ್ಕಿಂತ ಚೆನ್ನಾಗಿ ಅರ್ಥ ಆಗೋ ಮಾತು ಯಾವುದಿದೆ. ಇನ್ನೊಂದು, ಕಾಲುವೆ ತಳದಲ್ಲಿ ಹೂತಿರೋ ಕಬ್ಬಿಣದ ಕಂಬಿಗಳು. ಪ್ರತಿ ಚಳಿಗಾಲ ಒಂದು ಕಡೆ ನೀರು ತಡೆದು ಹೂಳು ತೆಗೀತಾರೆ, ಎಲ್ಲೀವರೆಗೆ ತೆಗೀಬೇಕು ಅಂದ್ರೆ ಆ ಕಂಬಿ ಕಾಣೋವರೆಗೂ. ಗುಡಿ ಗೋಡೆ ಮೇಲೆ ಆರೇ ಅಕ್ಷರ ಕೆತ್ತಿದಾರೆ, ತಳ ಆಳಕ್ಕೆ ತೋಡು, ಕೋಡಿ ತಗ್ಗಿಗೆ ಕಟ್ಟು ಅಂತ ಅರ್ಥ. ಗೈಡ್ ಹೇಳಿದ್ದನ್ನ ನಾನು ಹೇಳ್ದೆ, ಅಪ್ಪ ಇನ್ನೊಂದ್ಸಲ ಹೇಳು ಅಂದ್ರು, ಹೇಳ್ದೆ. ಬಸ್ಸಿನೋರು ಬಾವುಟ ಬೀಸಿ ಕರೀತಿದ್ರು, ಎಲ್ಲ ಹತ್ತಿ ಆಗಿತ್ತು, ನಾನು ಬಾಪ್ಪ ಹೋಗಣ ಅಂದ್ರೆ ಅಪ್ಪ ನೀರು ಸೀಳೋ ಜಾಗ ನೋಡ್ಕೊಂಡೇ ನಿಂತಿದ್ರು. ಆ ಎರಡು ಗಂಟೆ ಅಂಗಡೀಲಿ ಹೋಗಿದ್ದು ನಂಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಕೊನೇ ಸಂಜೆ ಚೆಂಗ್ದು ಜನರ ಪಾರ್ಕಲ್ಲಿ ಟೀ. ಮುಚ್ಚಳದ ಬಟ್ಟಲು, ಬಿದಿರ ಕುರ್ಚಿ, ಎಲೆ ಹಾಕಿಟ್ರೆ ಬಿಸಿನೀರು ಹುಯ್ಯೋರು ಮತ್ತೆ ಮತ್ತೆ ಬಂದು ಹುಯ್ದು ಹೋಗ್ತಾರೆ, ಯಾರೂ ಎದ್ದೇಳು ಅನ್ನಲ್ಲ. ಸುತ್ತ ಅಜ್ಜ ಅಜ್ಜಿಯರು ಇಸ್ಪೀಟು, ಹರಟೆ. ಊಟಕ್ಕೆ ಸಿಚುವಾನ್ ಮೆಣಸು ಹಾಕಿದ ತೋಫು ತರಿಸಿದ್ವಿ, ನಮ್ಮ ಕರಾವಳಿ ಕಡೆ ಜುಮ್ಮನಕಾಯಿ ಅಂತಾರಲ್ಲ ಅದರ ಬಳಗ, ನಾಲಿಗೆ ಜೋಂ ಅನ್ನುತ್ತೆ, ಸಸ್ಯಾಹಾರಿಗಳು ಮಾಂಸ ಹಾಕ್ಬೇಡಿ ಅಂತ ಮೊದಲೇ ಹೇಳ್ಬೇಕು. ಜೊತೆಗೆ ಹುರಿದ ಕಳಲೆ. ಅಪ್ಪ ಕೂರೋಕೆ ಮುಂಚೆ ಕುರ್ಚಿ ತಲೆಕೆಳಗು ಮಾಡಿ ಹೆಣಿಗೆ ನೋಡಿದ್ರು, ಮೈಸೂರು ಬಂಬೂ ಬಜಾರ್ ಮೇದರು ಕೈಲಿ ಹುಳ ಗೂಡು ಕಟ್ಟೋ ಬಿದಿರ ತಟ್ಟೆ, ಚಂದ್ರಿಕೆ, ಮಾಡಿಸ್ಕೊಂಡು ಬರ್ತಿದ್ದ ಕಾಲ ಹೇಳಿದ್ರು, ಆ ಹೆಣಿಗೆ ಸುರುಳಿ, ಇದು ಅಡ್ಡಡ್ಡ. ಈಗ ಎಲ್ಲ ಪ್ಲಾಸ್ಟಿಕ್ ಚಂದ್ರಿಕೆ. ಟೀ ಆರೋವರ್ಗೂ ಬಿದಿರಿನ ಮಾತೇ. ಹಿಂದಿನ ದಿನ ಪಾಂಡಾ ಕೈಯಲ್ಲಿ, ಮಧ್ಯಾಹ್ನ ನದಿ ತಳದಲ್ಲಿ, ಸಂಜೆ ನಮ್ಮ ಬೆನ್ನ ಹಿಂದೆ, ತಟ್ಟೇಲೂ ಅದೇ.

ಹೋದ ವಾರ ಊರಿಗೆ ಹೋಗಿದ್ದೆ. ಅವ್ವಂಗೆ ಪಾಂಡಾ ವಿಡಿಯೋ ಮತ್ತೊಂದ್ಸಲ ತೋರಿಸ್ದೆ, ಸಿಪ್ಪೆ ಸುಲಿಯೋ ಭಾಗ ಬಂದಾಗೆಲ್ಲ ನಿಲ್ಲಿಸು ನಿಲ್ಲಿಸು ಅಂತಾಳೆ. ಸಂಜೆ ಅಪ್ಪ ಬಾ ಅಂತ ಗದ್ದೆ ಕಡೆ ಕರ್ಕೊಂಡು ಹೋದ್ರು. ನಾಲೇಲಿ ನೀರು ನಿಲ್ಸಿದಾರೆ, ತೂಬಿನಿಂದ ನಮ್ಮ ಗದ್ದೆಗಳಿಗೆ ಬರೋ ಕಾಲುವೆ ಒಣಗಿ ನಿಂತಿದೆ. ಅಪ್ಪ ಕೆಳಗಿನ ನಾಲ್ಕು ಜಮೀನಿನೋರನ್ನ ಕೂಡಿಸ್ಕೊಂಡು ಹೂಳು ಎತ್ತಿಸಿದ್ರು, ಇನ್ನೂರು ಮೀಟರ್ ಆಗಿದೆ, ದಡದ ಮೇಲೆ ಕಪ್ಪು ಮಣ್ಣು ರಾಶಿ. ತೂಬಿನ ಕೆಳಗೆ ಹೋಗಿ ಕಾಲಲ್ಲಿ ಮಣ್ಣು ಸರಿಸಿ ತೋರಿಸಿದ್ರು. ತಾತನ ಕಾಲದ ನೇಗಿಲಿನ ಗುಳ, ಅಟ್ಟದ ಮೇಲೆ ತುಕ್ಕು ಹಿಡೀತಿದ್ದಿದ್ದು, ಎರಡು ಕಲ್ಲಿನ ಮಧ್ಯೆ ತಳಕ್ಕೆ ಗಾರೆ ಹಾಕಿ ಕೂರಿಸಿದಾರೆ.

"ಮುಂದಿನ್ ವರ್ಸ ಯಾರಾರ ತೆಗೀಲಿ, ನಾನಿರ್ಲಿ ಇಲ್ದೆ ಓಗ್ಲಿ, ಗುಳ ಕಾಣೋಗಂಟ ತೆಗೀಬೇಕು ಅಂತ ಎಲ್ರಿಗೂ ಏಳಿವ್ನಿ" ಅಂದ್ರು. ಆಮೇಲೆ ಮಣ್ಣು ಮತ್ತೆ ಅದರ ಮೇಲೆ ಎಳೆದು, ದಡ ಹತ್ತೋಕೆ ನನ್ನ ಕಡೆ ಕೈ ಚಾಚಿದ್ರು.